ದಿನಕ್ಕೆ ಇನ್ನೂರ ಹದಿನಾಲ್ಕು ಸಲ ಇಳಿಯುವವನು

ಅಂಚೆ ಕಚೇರಿಯಲ್ಲಿ ಅವನನ್ನು ಬುಗುರಿ ಎಂದು ಕರೆಯುತ್ತಿದ್ದರು. ತಿರುಗುತ್ತಿರುವಷ್ಟು ಹೊತ್ತು ನೆಟ್ಟಗಿರುತ್ತಾನೆ, ನಿಂತರೆ ಬೀಳುತ್ತಾನೆ ಎಂದು ಆ ಹೆಸರಿಟ್ಟವರು ಒಬ್ಬ ಹಳೆಯ ಗುಮಾಸ್ತರು. ಅವರು ನಿವೃತ್ತರಾಗಿ ಹೋದರು, ಹೆಸರು ಮಾತ್ರ ಕುರ್ಚಿ ಮೇಜುಗಳ ಹಾಗೆ ಕಚೇರಿಯಲ್ಲೇ ಉಳಿಯಿತು. ಅವನಿಗೂ ಅದರಿಂದ ಬೇಸರವೇನೂ ಇರಲಿಲ್ಲ. ನಲವತ್ತೆಂಟರ ವಯಸ್ಸಿನಲ್ಲೂ ಬೆಳಿಗ್ಗೆ ಐದೂವರೆಗೆ ಎದ್ದು ಶಾಲೆಯ ಮೈದಾನಕ್ಕೆ ಹತ್ತು ಸುತ್ತು ಓಡಿ, ಸ್ನಾನ ಮುಗಿಸಿ, ಏಳೂವರೆಗೆ ಕಚೇರಿ ಸೇರಿ ಕಾಗದಗಳನ್ನು ಜೋಡಿಸಿಕೊಂಡು, ಒಂಬತ್ತಕ್ಕೆ ಸೈಕಲ್ ಹತ್ತಿದರೆ ಹನ್ನೆರಡು ನಲವತ್ತಕ್ಕೆ ಖಾಲಿ ಚೀಲದೊಂದಿಗೆ ವಾಪಸಾಗುವ ಮನುಷ್ಯ ಅವನು. ಅಂಥವನನ್ನು ಬುಗುರಿ ಎಂದರೆ ಅದು ಹೊಗಳಿಕೆಯೇ.

ಒಬ್ಬ ಅಂಚೆಯವನು ದಿನವೂ ಕಾಗದ ಹಂಚುವ ಬೀದಿಗಳಿಗೆ ಕಚೇರಿಯಲ್ಲಿ ಬೀಟು ಎನ್ನುತ್ತಾರೆ. ಅವನದು ಏಳನೆಯ ಬೀಟು, ಇಪ್ಪತ್ತಮೂರು ವರ್ಷದಿಂದ ಅದೊಂದೇ. ಸೇತುವೆಯ ಈಚೆ ನೂರ ಮೂವತ್ತೊಂದು ಬಾಗಿಲು, ಆಚೆ ಎಂಬತ್ತಮೂರು, ಒಟ್ಟು ಇನ್ನೂರ ಹದಿನಾಲ್ಕು. ನೀರಿನ ಬಿಲ್ಲು ಬರುವ ವಾರದಲ್ಲಿ ಒಂದು ಬಾಗಿಲೂ ತಪ್ಪುವುದಿಲ್ಲ. ಹಾಗೆಂದರೆ ದಿನಕ್ಕೆ ಇನ್ನೂರ ಹದಿನಾಲ್ಕು ಸಲ ಸೈಕಲ್ ಹತ್ತಬೇಕು, ಇನ್ನೂರ ಹದಿನಾಲ್ಕು ಸಲ ಇಳಿಯಬೇಕು. ಅಂಚೆಯವನ ಕೆಲಸವೆಂದರೆ ಸೈಕಲ್ ತುಳಿಯುವುದು ಎಂದು ಜನ ತಿಳಿದಿದ್ದಾರೆ. ತುಳಿಯುವುದೇನು ಮಹಾ, ಒಂದು ಬಾಗಿಲಿಗೂ ಇನ್ನೊಂದಕ್ಕೂ ನಡುವೆ ನಾಲ್ಕು ತುಳಿತ. ಕೆಲಸವೆಲ್ಲ ಇರುವುದು ಇಳಿಯುವುದರಲ್ಲಿ.

ಅವನು ಇಳಿಯುತ್ತಿದ್ದ ರೀತಿಯೇ ಬೇರೆ. ಕ್ಯಾರಿಯರ್ ಮೇಲೆ ಪಾರ್ಸಲ್ ಡಬ್ಬಿ ಇರುವುದರಿಂದ ಹಿಂದಿನಿಂದ ಕಾಲು ಎತ್ತಿ ಹಾಕಲು ಆಗುವುದಿಲ್ಲ. ಅಂಚೆ ಸೈಕಲ್‌ಗೆ ನಡುವಿನ ಬಾರು ತಗ್ಗಾಗಿರುತ್ತದೆ. ಗೇಟು ಹತ್ತಿರ ಬಂದಾಗ ಅವನು ಬ್ರೇಕ್ ಮುಟ್ಟುತ್ತಿರಲಿಲ್ಲ. ಸೈಕಲ್ ಉರುಳುತ್ತಿರುವಾಗಲೇ ಸೀಟು ಬಿಟ್ಟು ಎಡಗಾಲ ಮೇಲೆ ಧುಮುಕಿ, ಬಲಗಾಲನ್ನು ಬಾರಿನ ಮೇಲಿಂದ ಎಳೆದುಕೊಂಡು, ಸೈಕಲ್ ಜೊತೆಗೇ ನಾಲ್ಕು ಹೆಜ್ಜೆ ಓಡಿ, ಕಾಗದವನ್ನು ಗೇಟಿನ ಡಬ್ಬಿಗೆ ತೂರಿಸಿ, ಅದೇ ಓಟದಲ್ಲಿ ಮತ್ತೆ ಹತ್ತಿಬಿಡುತ್ತಿದ್ದ. ಅಷ್ಟರಲ್ಲಿ ಕಣ್ಣು ಮುಂದಿನ ಕಾಗದದ ವಿಳಾಸದ ಮೇಲೆ. ಇವನೊಬ್ಬನಿಂದ ತನ್ನ ಬ್ರೇಕ್ ರಬ್ಬರ್ ವ್ಯಾಪಾರವೇ ನಿಂತುಹೋಯಿತೆಂದು ಸೈಕಲ್ ಅಂಗಡಿಯವನು ಸಿಕ್ಕಿದವರಿಗೆಲ್ಲ ದೂರುತ್ತಿದ್ದ.

ಆ ಸೋಮವಾರ ನಲವತ್ತೇಳನೆಯ ಬಾಗಿಲಿನ ಎದುರು ಎಡವಟ್ಟಾಯಿತು. ಹಿಂದಿನ ವಾರ ನೀರಿನ ಕೊಳವೆಯವರು ಅಲ್ಲಿ ಅಗೆದು, ಮಣ್ಣು ಮುಚ್ಚಿ, ಕೈ ತೊಳೆದುಕೊಂಡು ಹೋಗಿದ್ದರು. ಇಪ್ಪತ್ತಮೂರು ವರ್ಷ ಆ ಜಾಗದಲ್ಲಿ ಇಲ್ಲದಿದ್ದ ಒಂದು ಮುಷ್ಟಿಗಾತ್ರದ ಕಲ್ಲು ಆವತ್ತು ಅಲ್ಲಿತ್ತು. ಅವನ ಕಣ್ಣು ನಲವತ್ತೆಂಟನೆಯ ಮನೆಯ ಕಾಗದದ ಮೇಲಿತ್ತು. ಎಡಪಾದ ಕಲ್ಲಿನ ಮೇಲೆ ಬಿದ್ದು ಒಳಕ್ಕೆ ಮಡಚಿಕೊಂಡಿತು, ಗಂಟಿನೊಳಗೆ ಏನೋ ಟಪ್ಪೆಂದಿತು. ಸೈಕಲ್ ತನ್ನ ಪಾಡಿಗೆ ಮುಂದೆ ಹೋಗಿ ಗೋಡೆಗೆ ಒರಗಿತು. ಆ ಮನೆಯ ನಿವೃತ್ತ ಟೀಚರಮ್ಮ ಫ್ರಿಜ್‌ನಲ್ಲಿದ್ದ ಮಂಜುಗಡ್ಡೆಯನ್ನೆಲ್ಲ ಬಟ್ಟೆಯಲ್ಲಿ ಕಟ್ಟಿ ತಂದರು. ಅವನು ಅದನ್ನು ಕಾಲಿಗೆ ಒತ್ತಿಕೊಂಡು ಐದು ನಿಮಿಷ ಕೂತು, ಉಳಿದ ಕಾಗದ ಹಂಚಿ ಬರುತ್ತೇನೆಂದು ಎದ್ದ. ಎದ್ದ ವೇಗದಲ್ಲೇ ಮತ್ತೆ ಕೂತ.

ಮೂಳೆ ಮುರಿದಿಲ್ಲ, ಕೀಲನ್ನು ಹಿಡಿದಿಡುವ ನಾರು ಅರ್ಧ ಹರಿದಿದೆ ಎಂದರು ಡಾಕ್ಟರು. ಮುರಿದಿದ್ದರೇ ವಾಸಿಯಿತ್ತು, ಪ್ಲಾಸ್ಟರಾದರೂ ಹಾಕುತ್ತಿದ್ದರು, ಈ ಮನುಷ್ಯನನ್ನು ಒಂದು ಕಡೆ ಕೂರಿಸಲು ಅಷ್ಟಾದರೂ ಬೇಕು ಎಂದಳು ಹೆಂಡತಿ. ಅವಳು ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುವವಳು. ಹೊಲಿಗೆ ಬಿಟ್ಟುಹೋದ ಪುಸ್ತಕಗಳನ್ನು ಮೊದಲಿಂದ ಹೊಲಿದು ಹೊಲಿದು, ಯಾವುದಕ್ಕೆ ಎಷ್ಟು ದಿನ ಬೇಕೆಂಬ ಅಂದಾಜು ಅವಳ ಬೆರಳಿಗೆ ಬಂದುಬಿಟ್ಟಿತ್ತು. ಗಂಡನ ಕಾಲು ನೋಡಿದವಳೇ ಎರಡು ತಿಂಗಳು ಎಂದಳು. ಡಾಕ್ಟರು ಎಂಟು ವಾರ ಎಂದು ಬರೆದುಕೊಟ್ಟರು.

ಎಂಟು ವಾರ ಎಂಬ ಲೆಕ್ಕ ಅವನ ಎದೆಗೆ ಬಡಿಯಲು ಬೇರೆ ಕಾರಣವಿತ್ತು. ಬೀಟಿನಲ್ಲಿ ಎಂಟು ವಾರ ಬದಲಿಯವರು ಓಡಾಡಿದರೆ, ಒಂಬತ್ತನೆಯ ವಾರದಿಂದ ಅದು ಅವರದೇ ಎಂಬುದು ಇಲಾಖೆಯ ನಿಯಮ. ಹಳಬನಿಗೆ ಒಳಗಡೆ ಕೆಲಸ. ಒಳಗಡೆ ಎಂದರೆ ಮುದ್ರೆ ಒತ್ತುವ ಮೇಜಿನ ಪಕ್ಕದ ಕುರ್ಚಿ, ಎದುರಿಗೆ ಗೋಡೆ, ತಲೆ ಮೇಲೆ ಟಕಟಕ ಎನ್ನುವ ಫ್ಯಾನು. ಸಂಬಳ ಅಷ್ಟೇ, ಬಿಸಿಲಿಲ್ಲ, ನಾಯಿಗಳಿಲ್ಲ. ಬೇರೆಯವರು ಬೇಡಿಕೊಂಡು ಹೋಗುವ ಜಾಗ. ಅವನಿಗೆ ಅದನ್ನು ನೆನೆದರೇ ಉಸಿರು ಕಟ್ಟುತ್ತಿತ್ತು. ಪೋಸ್ಟ್‌ಮಾಸ್ಟರು ಮನೆಗೇ ಬಂದು ನೋಡಿಕೊಂಡು ಹೋದರು. ಒಳ್ಳೆಯ ಮನುಷ್ಯ, ಆದರೆ ನಿಯಮ ಎಂದರೆ ನಿಯಮ. ಎಂಟನೆಯ ವಾರದ ಶುಕ್ರವಾರದೊಳಗೆ ಒಂದು ದಿನ ಇಡೀ ಬೀಟು ಮುಗಿಸಿ ಒಂದು ಗಂಟೆಗೆ ಮೊದಲು ಕಚೇರಿಗೆ ಬಂದು ತೋರಿಸಿದರೆ ಸಾಕು, ಉಳಿದದ್ದು ತಾನು ನೋಡಿಕೊಳ್ಳುತ್ತೇನೆ ಎಂದರು.

ಬದಲಿಗೆ ಬಂದವಳು ಮೂವತ್ತು ತುಂಬದ ಒಬ್ಬಳು. ನಾಲ್ಕು ವರ್ಷದಿಂದ ಬದಲಿಯಾಗಿಯೇ ಇದ್ದಳು. ಈ ವಾರ ಒಬ್ಬರ ಮದುವೆ ರಜೆ, ಮುಂದಿನ ವಾರ ಇನ್ನೊಬ್ಬರ ಜ್ವರ, ಹೀಗೆ ಯಾರದೋ ಬೀದಿ, ಯಾರದೋ ನಾಯಿ. ತನ್ನದೆನ್ನುವ ಒಂದು ಬೀಟಿಲ್ಲ. ಅವನ ಕಾಲು ಉಳುಕಿದಾಗ ಮೊದಲ ಬಾರಿಗೆ ಒಂದು ಬೀಟು ಕೈಗೆ ಸಿಗುವ ಹಾಗಿತ್ತು. ಅವಳು ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಯಾವ ಗೇಟಿನ ಚಿಲಕ ಒಳಗಡೆ, ಯಾವ ಅಜ್ಜನಿಗೆ ಕೂಗಿದರೆ ಮಾತ್ರ ಕೇಳಿಸುತ್ತದೆ ಎಂದು ಅವಳು ಫೋನ್ ಮಾಡಿ ಕೇಳುವಾಗ ಅವನು ಎಲ್ಲವನ್ನೂ ಹೇಳುತ್ತಿದ್ದ. ಫೋನ್ ಇಟ್ಟ ಮೇಲೆ ಅರ್ಧ ಗಂಟೆ ಮುಖ ಗಂಟು ಹಾಕಿಕೊಂಡು ಕೂತಿರುತ್ತಿದ್ದ.

ಎರಡು ವಾರ ಕಾಲನ್ನು ದಿಂಬಿನ ಮೇಲೆ ಇಟ್ಟುಕೊಂಡು ಸೂರಿನ ಜಂತೆ ಎಣಿಸಿದ ಮೇಲೆ ಫಿಸಿಯೋ ಮೇಡಂ ಹತ್ತಿರ ಹೋದ. ದಪ್ಪ ಕನ್ನಡಕದ, ಮಾತು ಉಳಿಸದ ಹೆಂಗಸು. ಕಾಲಿನ ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯಿರಿ, ಕೀಲು ಸಡಿಲವಾಗುತ್ತದೆ ಎಂದರು. ಅ ಆ ಇ ಈ ಅವನಿಗೆ ಎರಡೇ ದಿನಕ್ಕೆ ಬೇಜಾರಾಯಿತು. ಮೂರನೆಯ ದಿನದಿಂದ ಬೀಟಿನ ವಿಳಾಸಗಳನ್ನು ಒಂದರಿಂದ ಶುರುಮಾಡಿ ಸಾಲಾಗಿ ಬರೆಯತೊಡಗಿದ. ಅರವತ್ತಕ್ಕೆ ಬರುವಷ್ಟರಲ್ಲಿ ಕಣಕಾಲು ನೋಯುತ್ತಿತ್ತು, ಮನಸ್ಸು ಮಾತ್ರ ಹಗುರವಾಗುತ್ತಿತ್ತು. ಪಾದಕ್ಕೆ ಸಿಕ್ಕಿಸಿ ಎಳೆಯಲು ರಬ್ಬರ್ ಪಟ್ಟಿ ಬೇಕೆಂದಾಗ ಹಳೆಯ ಸೈಕಲ್ ಟ್ಯೂಬು ಕತ್ತರಿಸಿಕೊಂಡ. ಹಲ್ಲುಜ್ಜುವಷ್ಟು ಹೊತ್ತು ಎಡಗಾಲ ಮೇಲೆ ಒಂಟಿಯಾಗಿ ನಿಲ್ಲಬೇಕಿತ್ತು. ಬಚ್ಚಲಿನಲ್ಲಿ ಕೊಕ್ಕರೆ ಸಾಕಿದ್ದೀವಾ ಎಂದು ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು.

ಮೂರನೆಯ ವಾರದ ಕೊನೆಗೆ ಅವನು ಫಿಸಿಯೋ ಮೇಡಂಗೆ ಒಂದೇ ಪ್ರಶ್ನೆ ಕೇಳಿದ, ಸೈಕಲ್ ಹೊಡೆಯಬಹುದೇ ಎಂದು. ಧಾರಾಳವಾಗಿ ಹೊಡೆಯಿರಿ, ಕೀಲಿಗೆ ಒಳ್ಳೆಯದೇ, ಓಡುವುದು ಮಾತ್ರ ಈಗ ಬೇಡ ಎಂದರು ಅವರು. ಅವರ ಕಣ್ಣ ಮುಂದೆ ಇದ್ದದ್ದು ಮೂಲೆಯಲ್ಲಿ ನೆಲಕ್ಕೆ ಬಿಗಿದಿದ್ದ ವ್ಯಾಯಾಮದ ಸೈಕಲ್ಲು. ಅವನ ಕಣ್ಣ ಮುಂದೆ ಇದ್ದದ್ದು ಏಳನೆಯ ಬೀಟು. ಅವರಿಗೆ ಕೇಳಬೇಕೆನಿಸಲಿಲ್ಲ, ಅವನಿಗೆ ಹೇಳಬೇಕೆನಿಸಲಿಲ್ಲ. ಮನೆಯಲ್ಲೂ ಅವನು ಸೈಕಲ್ ಹೊಡೆಯಬಹುದಂತೆ ಎಂದಷ್ಟೇ ಹೇಳಿದ. ಮಾರನೆಯ ಬೆಳಿಗ್ಗೆ ಏಳೂವರೆಗೆ ಕಚೇರಿಯಲ್ಲಿ ಅವನನ್ನು ನೋಡಿ ಎಲ್ಲರೂ ಬೆನ್ನು ತಟ್ಟಿದರು. ಬದಲಿಯವಳು ಚೀಲವನ್ನು ಹೆಗಲಿಂದ ಇಳಿಸಿ ಅವನ ಮೇಜಿನ ಮೇಲಿಟ್ಟಳು.

ಮೊದಲ ಮೂವತ್ತು ಬಾಗಿಲು ಸಲೀಸಾಗಿ ಹೋದವು. ಐವತ್ತಕ್ಕೆ ಪಾದ ಬೆಚ್ಚಗಾಯಿತು, ಎಂಬತ್ತಕ್ಕೆ ಬೂಟು ಬಿಗಿಯಾಯಿತು. ಅವನು ಹಲ್ಲು ಕಚ್ಚಿ ಹಿಡಿದು ನಡೆಸಿದ. ನೂರ ಹದಿನೇಳನೆಯ ಬಾಗಿಲಲ್ಲಿ ಧುಮುಕಿದಾಗ ಎಡಗಾಲು ತನ್ನದೇ ಅಲ್ಲವೆಂಬಂತೆ ಕುಸಿಯಿತು. ಅಲ್ಲಿಂದ ಸೈಕಲ್ ಅನ್ನೇ ಊರುಗೋಲು ಮಾಡಿಕೊಂಡು, ಇನ್ನೂ ತೊಂಬತ್ತೇಳು ಮನೆಯ ಕಾಗದ ಚೀಲದಲ್ಲಿರುವಾಗಲೇ ಕಚೇರಿಗೆ ಕುಂಟುತ್ತ ಬಂದ. ಇಪ್ಪತ್ತಮೂರು ವರ್ಷದಲ್ಲಿ ಒಂದು ಕಾಗದವನ್ನೂ ವಾಪಸು ತಂದವನಲ್ಲ. ಚೀಲವನ್ನು ಮೇಜಿನ ಮೇಲಿಟ್ಟು ಯಾರ ಮುಖವನ್ನೂ ನೋಡದೆ ಹಿಂದಿನ ಬಾಗಿಲಿಂದ ಮನೆಗೆ ಹೋದ. ಹೋದವನು ಅತ್ತ. ಕಾಲು ನೋವಿಗೆ ಅಲ್ಲ ಎಂದು ಹೆಂಡತಿಗೆ ಗೊತ್ತಾಯಿತು, ಅವಳು ನೀರು ಕಾಯಿಸಲು ಇಟ್ಟಳು.

ಸಂಜೆ ಪೋಸ್ಟ್‌ಮಾಸ್ಟರ ಫೋನು ಬಂತು. ತೊಂಬತ್ತೇಳು ಮನೆಯ ಕಾಗದವನ್ನೂ ಬದಲಿಯವಳು ಮಧ್ಯಾಹ್ನವೇ ಹಂಚಿ ಬಂದಿದ್ದಳು. ವಾಪಸು ಬಂದ ಕಾಗದಗಳ ಪುಸ್ತಕದಲ್ಲಿ ಆ ದಿನದ ಸಾಲು ಖಾಲಿಯಿತ್ತು.

ಊದಿದ ಕಾಲನ್ನು ನೋಡಿ ಫಿಸಿಯೋ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಏನು ಮಾಡಿದಿರಿ ಎಂದರು. ಸೈಕಲ್ ಹೊಡೆದೆ, ನೀವೇ ಹೇಳಿದ್ದಿರಲ್ಲ ಎಂದ. ಅವರಿಗೆ ನಂಬಿಕೆ ಬರಲಿಲ್ಲ. ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಕಾಲು ಊರದೆ ಕೈಯಲ್ಲೇ ಅಭಿನಯಿಸಿ ತೋರಿಸಲು ಹೇಳಿದರು. ಅವನು ತೋರಿಸಿದ, ಎಷ್ಟು ಸಲ ಎಂಬುದನ್ನೂ ಹೇಳಿದ. ಅವರು ಕನ್ನಡಕ ಏರಿಸಿಕೊಂಡು ಅವನ ಕಡೆ ತಿರುಗಿದರು.

"ಇದು ಸೈಕಲ್ ಹೊಡೆಯೋದಲ್ಲ ಕಣ್ರೀ. ದಿನಕ್ಕೆ ಇನ್ನೂರು ಸಲ ಒಂದೇ ಕಾಲ ಮೇಲೆ ಬೀಳೋದು. ಓಡೋದಕ್ಕಿಂತ ಕಷ್ಟದ್ದು. ಮೊದಲೇ ಹೇಳ್ಬೇಕಲ್ವಾ?"

ಕೇಳಬೇಕಾಗಿದ್ದವಳು ತಾನು ಎಂದು ಅವರೇ ಮತ್ತೆ ಹೇಳಿದರು. ತಪ್ಪನ್ನು ಇಬ್ಬರೂ ಹಂಚಿಕೊಂಡರು, ನೋವನ್ನು ಅವನೊಬ್ಬನೇ ಅನುಭವಿಸಿದ. ಲೆಕ್ಕ ಮತ್ತೆ ಒಂದರಿಂದ ಶುರುವಾಯಿತು. ಮೊದಲು ನಡೆಯುವುದು, ಆಮೇಲೆ ಮೆಟ್ಟಿಲ ಅಂಚಿನಲ್ಲಿ ತುದಿಗಾಲಲ್ಲಿ ಏಳುವುದು, ಆಮೇಲೆ ಓಡುವುದು, ಕಟ್ಟಕಡೆಗೆ ಧುಮುಕುವುದು. ಈ ಸಾಲಿನಲ್ಲಿ ಒಂದನ್ನು ಹಾರಿಸಿದರೂ ತನ್ನ ಬಾಗಿಲು ತುಳಿಯಬೇಡಿ ಎಂದರು. ಐದು ವಾರ ಉಳಿದಿತ್ತು.

ಆ ಐದು ವಾರ ಫಿಸಿಯೋ ಮೇಡಂ ಹೇಳಿದ ಮಾತನ್ನು ಅವನು ಕೇಳಿದ. ಇದು ಅವನ ಬಾಳಿನಲ್ಲಿ ಅಪರೂಪದ ಸಂಗತಿಯಾದ್ದರಿಂದ ಹೆಂಡತಿ ಅಕ್ಕಪಕ್ಕದವರಿಗೂ ಸುದ್ದಿ ಮುಟ್ಟಿಸಿದಳು. ಆರನೆಯ ವಾರ ಮೈದಾನಕ್ಕೆ ಹೋದಾಗ ಅವಳೂ ಜೊತೆಗೆ ಬಂದಳು, ಕೈಯಲ್ಲಿ ಅಡುಗೆಮನೆಯ ಅಲಾರಂ ಗಡಿಯಾರ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಓಟದ ಒಂದು ನಿಮಿಷ ಅವನಿಗೆ ಮುಗಿಯದಷ್ಟು ಉದ್ದವಾಗಿತ್ತು. ಎಡಗಾಲು ನೆಲ ಮುಟ್ಟುವ ಪ್ರತಿ ಸಲವೂ ಅಡಿಯಲ್ಲಿ ಕಲ್ಲಿದೆಯೇ ಎಂದು ನೋಡುತ್ತಿದ್ದ. ಒಂದು ಹುಲ್ಲುಕಡ್ಡಿ ಕಂಡರೂ ಸುತ್ತು ಬಳಸಿ ಹೋಗುತ್ತಿದ್ದ. ಹಿಂದೆ ಇದೇ ಮೈದಾನದಲ್ಲಿ ಆಕಾಶ ನೋಡಿಕೊಂಡು ಹತ್ತು ಸುತ್ತು ಹಾಕುತ್ತಿದ್ದವನು ತಾನೇನಾ ಎಂದು ಅವನಿಗೇ ನಾಚಿಕೆಯಾಗುತ್ತಿತ್ತು. ಹೆಂಡತಿ ಚಪ್ಪಲಿಯಲ್ಲೇ ಪಕ್ಕದಲ್ಲಿ ಓಡುತ್ತಿದ್ದಳು.

"ರೀ, ನೆಲ ನೋಡ್ಕೊಂಡೇ ಓಡ್ತಿದ್ದೀರಲ್ಲ, ಏನಾದ್ರೂ ಬೀಳಿಸ್ಕೊಂಡಿದ್ದೀರಾ?"

ಅವನಿಗೆ ಸಿಟ್ಟೂ ಬಂತು, ನಗುವೂ ಬಂತು. ಏಳನೆಯ ವಾರದ ಕೊನೆಗೆ ನಡುವೆ ನಡೆಯದೆ ಇಪ್ಪತ್ತು ನಿಮಿಷ ಓಡಿದ. ನೋವಿರಲಿಲ್ಲ, ಊತವಿರಲಿಲ್ಲ. ಅವಳು ಅಷ್ಟರಲ್ಲೇ ಓಡುವ ಚಟ ಹತ್ತಿಸಿಕೊಂಡು ಬೂಟು ಕೊಂಡಿದ್ದಳು. ಅವನ ಕಣ್ಣು ಮಾತ್ರ ಇನ್ನೂ ನೆಲದ ಮೇಲೇ ಇತ್ತು.

ಫಿಸಿಯೋ ಮೇಡಂ ಚಾಪೆ ಹಾಸಿ ಎಡಗಾಲ ಮೇಲೆ ಹತ್ತು ಸಲ ಕುಪ್ಪಳಿಸಲು ಹೇಳಿದರು. ಕುಪ್ಪಳಿಸಿದ. ಎಂಟರ ಆಕಾರದಲ್ಲಿ ಓಡಿಸಿದರು, ಸ್ಟೂಲಿನ ಮೇಲಿಂದ ಧುಮುಕಿಸಿದರು, ಎಲ್ಲದಕ್ಕೂ ಕಾಲು ನಿಂತಿತು. ಹೋಗಿ ಸೈಕಲ್ ತನ್ನಿ ಎಂದರು. ಅಂಗಳದಲ್ಲಿ ಅವನು ನಾಲ್ಕು ಸುತ್ತು ಹೊಡೆದ, ಧುಮುಕಬೇಕಾದ ಜಾಗಕ್ಕೆ ಬಂದಾಗಲೆಲ್ಲ ಅವನ ಎರಡೂ ಕೈಗಳು ತಾವಾಗಿಯೇ ಬ್ರೇಕ್ ಹಿಡಿದವು. ನಾಲ್ಕು ಸಲವೂ ಸೈಕಲ್ ಸಂಪೂರ್ಣ ನಿಂತ ಮೇಲೆ, ಬಿಸಿನೀರಿಗೆ ಕಾಲಿಡುವವನ ಹಾಗೆ ಎಡಪಾದವನ್ನು ನೆಲಕ್ಕೆ ಇಳಿಸಿದ.

"ಕಾಲು ವಾಸಿಯಾಗಿದೆ," ಎಂದರು ಅವರು. "ತಲೆಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಅದಕ್ಕೆ ನನ್ನ ಹತ್ರ ಮದ್ದಿಲ್ಲ. ಪೋಸ್ಟ್‌ಮ್ಯಾನ್ ನೀವು, ನೀವೇ ಮುಟ್ಟಿಸ್ಕೊಳ್ಬೇಕು."

ಬಲಗಡೆಗೆ ಇಳಿದು ನೋಡೋಣವೆಂದು ಮನೆ ಎದುರು ಒಂದು ಸಂಜೆ ಪ್ರಯತ್ನಪಟ್ಟ. ಬಲಗಾಲೇನೋ ಧೈರ್ಯವಾಗಿ ಧುಮುಕಿತು, ಆದರೆ ಧುಮುಕಿದ್ದು ರಸ್ತೆಯ ನಡುವಿಗೆ. ಹಿಂದಿನಿಂದ ಬಂದ ವ್ಯಾನಿನವನು ಹಾರನ್ ಒತ್ತಿ, ಕಿಟಕಿಯಿಂದ ತಲೆ ಹೊರಹಾಕಿ, ಅವನ ವಯಸ್ಸಿಗೆ ತಕ್ಕ ಮಾತು ಹೇಳಿ ಹೋದ. ಆ ಯೋಚನೆಯನ್ನು ಅಲ್ಲಿಗೇ ಕೈಬಿಟ್ಟ. ಉಳಿದದ್ದು ಒಂದೇ ದಾರಿ, ಪ್ರತಿ ಬಾಗಿಲಲ್ಲೂ ಬ್ರೇಕ್ ಹಿಡಿದು ನಿಂತು ಇಳಿಯುವುದು. ಅದನ್ನೂ ಗಡಿಯಾರ ಇಟ್ಟುಕೊಂಡು ನೋಡಿದ. ನಿಂತು, ಇಳಿದು, ಮತ್ತೆ ಮೊದಲಿಂದ ತುಳಿದು ವೇಗ ಹಿಡಿಯಲು ಪ್ರತಿ ಬಾಗಿಲಿಗೆ ಎಂಟು ಸೆಕೆಂಡು ಹೆಚ್ಚು. ಇನ್ನೂರ ಹದಿನಾಲ್ಕರಿಂದ ಗುಣಿಸಿದರೆ ಅರ್ಧ ಗಂಟೆಗೆ ಒಂದೂವರೆ ನಿಮಿಷ ಕಡಿಮೆ. ಹನ್ನೆರಡು ನಲವತ್ತಕ್ಕೆ ಮುಗಿಯುತ್ತಿದ್ದದ್ದು ಒಂದು ಗಂಟೆ ಎಂಟು ನಿಮಿಷಕ್ಕೆ ಮುಗಿಯುತ್ತದೆ. ಎಂಟು ನಿಮಿಷವನ್ನು ಎಲ್ಲಿಂದ ತರುವುದು ಎಂದು ಅವನು ಎರಡು ದಿನ ಊಟದ ತಟ್ಟೆಯ ಮುಂದೆ ಕೂತು ಯೋಚಿಸಿದ.

ಎಂಟನೆಯ ವಾರದ ಶುಕ್ರವಾರ ಬಂತು. ನೀರಿನ ಬಿಲ್ಲಿನ ವಾರವೇ ಆಗಿತ್ತು. ಜೊತೆಗೆ ಹೋಗಿ ಸಮಯ ಬರೆದುಕೊಳ್ಳಲು ಪೋಸ್ಟ್‌ಮಾಸ್ಟರು ಬದಲಿಯವಳನ್ನೇ ನೇಮಿಸಿದರು. ಕಚೇರಿಯಲ್ಲಿ ಗುಸುಗುಸು ಎದ್ದಿತು. ಬೀಟು ಯಾರ ಕೈಗೆ ಬರಬೇಕೋ ಅವಳ ಕೈಗೇ ಗಡಿಯಾರ ಕೊಡುವುದೇ ಎಂದು ಮುದ್ರೆ ಒತ್ತುವವನು ಕೇಳಿಯೇಬಿಟ್ಟ. ಬೇರೆ ಯಾರೂ ಬಿಡುವಾಗಿಲ್ಲ, ಬಿಡುವಾಗಿದ್ದರೂ ಅವಳನ್ನೇ ಕಳಿಸುತ್ತಿದ್ದೆ, ಅವಳು ಒಂದು ನಿಮಿಷವನ್ನೂ ಆಚೀಚೆ ಬರೆಯುವವಳಲ್ಲ ಎಂದರು ಪೋಸ್ಟ್‌ಮಾಸ್ಟರು. ಅವನಿಗೂ ಒಳಗೊಳಗೆ ಕಸಿವಿಸಿಯಾಗಿತ್ತು. ಆದರೆ ವಾಪಸು ಕಾಗದದ ಪುಸ್ತಕದಲ್ಲಿ ಅವಳಿಂದಾಗಿ ಖಾಲಿ ಉಳಿದ ಆ ಸಾಲು ನೆನಪಾಗಿ ಚೀಲವನ್ನು ಹೆಗಲಿಗೇರಿಸಿದ.

ಒಂಬತ್ತಕ್ಕೆ ಹೊರಟರು. ಅವನು ಮುಂದೆ, ಅವಳು ತನ್ನ ಸೈಕಲ್‌ನಲ್ಲಿ ಹತ್ತು ಮಾರು ಹಿಂದೆ. ಅವನು ಬ್ರೇಕ್ ಹಿಡಿದು ನಿಂತ, ಇಳಿದ, ಹಾಕಿದ, ಹತ್ತಿದ. ನಲವತ್ತೇಳನೆಯ ಬಾಗಿಲಲ್ಲಿ ಕಲ್ಲಿರಲಿಲ್ಲ, ಯಾರೋ ಎತ್ತಿ ಎಸೆದಿದ್ದರು. ಟೀಚರಮ್ಮ ಕಿಟಕಿಯಿಂದ ಕೈ ಬೀಸಿದರು, ಅವನು ತಿರುಗಿ ಬೀಸಲು ಒಂದು ಸೆಕೆಂಡೂ ಖರ್ಚು ಮಾಡದೆ ತಲೆಯಾಡಿಸಿದ. ಅಂಗಿ ಬೆನ್ನಿಗೆ ಅಂಟಿತು. ಬಾಗಿಲುಗಳ ನಡುವೆ ಜೋರಾಗಿ ತುಳಿದು ಒಂದೆರಡು ನಿಮಿಷ ಉಳಿಸಿದ, ನಿಂತು ಇಳಿಯುವುದರಲ್ಲಿ ಅದಕ್ಕಿಂತ ಹೆಚ್ಚು ಕಳೆದ. ನೂರ ಮೂವತ್ತೊಂದನೆಯ ಬಾಗಿಲು ಮುಗಿಸಿ ಸೇತುವೆಯ ಬಳಿ ಬಂದಾಗ ಕೈಗಡಿಯಾರ ನೋಡಿದ. ಹೀಗೇ ಹೋದರೆ ಕಚೇರಿ ಸೇರುವುದು ಒಂದು ಗಂಟೆ ಆರು ನಿಮಿಷಕ್ಕೆ. ಅವನು ಹಿಂದಕ್ಕೆ ತಿರುಗಿ ನೋಡಿದ. ಅವಳು ಪುಸ್ತಕದಲ್ಲಿ ಬರೆಯುತ್ತಿದ್ದಳು, ತಲೆ ಎತ್ತಲಿಲ್ಲ. ಕುರ್ಚಿ, ಗೋಡೆ, ಫ್ಯಾನು ಮೂರೂ ಅವನ ಕಣ್ಣ ಮುಂದೆ ಬಂದವು. ಮುಗಿಯಿತು ಎಂದುಕೊಂಡ.

ಸೇತುವೆ ದಾಟುತ್ತ ಮುಂದಿನ ಕಟ್ಟನ್ನು ಬಿಚ್ಚಿದಾಗ ಬೆಳಿಗ್ಗೆ ಜೋಡಿಸುವ ಗಡಿಬಿಡಿಯಲ್ಲಿ ಬಿಲ್ಲುಗಳ ನಡುವೆ ಸೇರಿಹೋಗಿದ್ದ ಒಂದು ವಿಚಿತ್ರ ಲಕೋಟೆ ಸಿಕ್ಕಿತು. ಪೆನ್ಸಿಲ್ ಅಕ್ಷರ, ಸಾಲು ಮೇಲಕ್ಕೆ ಹತ್ತಿ ಕೆಳಕ್ಕೆ ಇಳಿದಿತ್ತು. ಊರಿನ, ಬಡಾವಣೆಯ ಹೆಸರು ಸರಿಯಿತ್ತು. ಅದರ ಮೇಲೆ ಇದ್ದದ್ದು ಇಷ್ಟೇ: ಅಜ್ಜಿ, ಹಸಿರು ಗೇಟು, ಸೇತುವೆ ದಾಟಿದ ಮೇಲೆ. ಯಾವುದೋ ಮಗು ತಾನೇ ಬರೆದು ತಾನೇ ಡಬ್ಬಿಗೆ ಹಾಕಿತ್ತು. ವಿಳಾಸ ಪೂರ್ಣವಿಲ್ಲ ಎಂದು ಮುದ್ರೆ ಹಾಕಿ ಬದಿಗಿಡಬಹುದಿತ್ತು, ನಿಯಮವೂ ಹಾಗೇ ಹೇಳುತ್ತದೆ. ಅವನಿಗೆ ಮನಸ್ಸು ಬರಲಿಲ್ಲ. ಸೇತುವೆಯಾಚೆ ಹಸಿರು ಗೇಟು ಎಷ್ಟು? ಒಂದು ಹಲ್ಲಿನ ಡಾಕ್ಟರದು, ಅಲ್ಲಿ ಯಾರೂ ವಾಸವಿಲ್ಲ. ಇನ್ನೊಂದರಲ್ಲಿ ಮದುವೆಯಾಗದ ಅಣ್ಣತಮ್ಮಂದಿರು. ಮೂರನೆಯದರಲ್ಲಿ ಹೊಸ ದಂಪತಿ, ಅವರ ಮಗುವಿಗೆ ಇನ್ನೂ ಹಲ್ಲೇ ಬಂದಿಲ್ಲ. ಹಾಗಾದರೆ ಈ ಅಜ್ಜಿ ಯಾರು? ಮೊಮ್ಮಕ್ಕಳು ದೂರದಲ್ಲಿರುವ ಅಜ್ಜಿಯರನ್ನು ಅವನು ಒಬ್ಬೊಬ್ಬರನ್ನಾಗಿ ನೆನೆದ. ನೂರ ಅರವತ್ತನೆಯ ಬಾಗಿಲಿನ ಅಜ್ಜಿಗೆ ಮೊಮ್ಮಕ್ಕಳೆಲ್ಲ ಮನೆಯಲ್ಲೇ. ನೂರ ಎಪ್ಪತ್ತೆರಡನೆಯ ಬಾಗಿಲಿನ ಅಜ್ಜಿಯ ಗೇಟು ಹುಟ್ಟಿದಂದಿನಿಂದ ತುಕ್ಕಿನ ಬಣ್ಣ. ಬಿಲ್ಲುಗಳು ಒಂದೊಂದಾಗಿ ಡಬ್ಬಿಗೆ ಬೀಳುತ್ತಿದ್ದವು, ಅವನ ತಲೆ ಪೂರ್ತಿ ಗೇಟುಗಳ ಮೇಲಿತ್ತು.

ನೂರ ತೊಂಬತ್ತೊಂದರಲ್ಲಿ ಒಂದು ನೀಲಿ ಗೇಟು ಎದುರಾಯಿತು. ಬಣ್ಣ ಇನ್ನೂ ಹೊಳೆಯುತ್ತಿತ್ತು. ಎಂಟು ವಾರದ ಹಿಂದೆ ಇದು ನೀಲಿಯಾಗಿರಲಿಲ್ಲವಲ್ಲ ಎಂದು ಬಗ್ಗಿ ನೋಡಿದರೆ ಕೀಲಿನ ಸಂದಿನಲ್ಲಿ ಬ್ರಷ್ಷು ಹೋಗದ ಜಾಗದಲ್ಲಿ ಹಸಿರು ಉಳಿದಿತ್ತು. ಮಗು ಕಳೆದ ರಜೆಯಲ್ಲಿ ನೋಡಿದ ಗೇಟನ್ನು ಬರೆದಿತ್ತು. ಅವನು ಗಂಟೆ ಹೊಡೆದ. ಹೊರಬಂದ ಅಜ್ಜಿ ಅಕ್ಷರ ನೋಡಿದ್ದೇ ಲಕೋಟೆಯನ್ನು ಎದೆಗೆ ಒತ್ತಿಕೊಂಡು, ಕೊಟ್ಟವನ ಮುಖ ನೋಡುವುದನ್ನೂ ಮರೆತು ಒಳಗೆ ಹೋದರು. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಉಳಿದ ಇಪ್ಪತ್ತಮೂರು ಬಾಗಿಲು ಹೇಗೆ ಮುಗಿದವೋ ತಿಳಿಯಲಿಲ್ಲ.

ಕಚೇರಿಯ ಅಂಗಳಕ್ಕೆ ಬಂದು ಸೈಕಲ್‌ಗೆ ಸ್ಟ್ಯಾಂಡು ಹಾಕುವಾಗಲೇ ಅವನಿಗೆ ಗಡಿಯಾರದ ನೆನಪಾದದ್ದು. ಹನ್ನೆರಡು ಐವತ್ತೈದು. ಅವನು ಅದನ್ನು ಕಿವಿಗೆ ಹಿಡಿದು ನೋಡಿದ, ನಿಂತಿರಲಿಲ್ಲ. ಸೇತುವೆಯ ಬಳಿ ಆರು ನಿಮಿಷ ಹಿಂದಿದ್ದವನು ಐದು ನಿಮಿಷ ಮುಂದೆ ಬರುವುದು ಹೇಗೆ? ಒಳಗೆ ಗೋಡೆ ಗಡಿಯಾರವೂ ಅದನ್ನೇ ಹೇಳಿತು. ಪೋಸ್ಟ್‌ಮಾಸ್ಟರು ಎದ್ದು ನಿಂತಿದ್ದರು. ಬದಲಿಯವಳು ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದು ಪುಸ್ತಕವನ್ನು ಮೇಜಿನ ಮೇಲಿಟ್ಟು, ಕೊನೆಯ ಸಾಲಿನಲ್ಲಿ ಹನ್ನೆರಡು ಐವತ್ತೈದು ಎಂದು ಬರೆದಳು, ಕೆಳಗೆ ಸಹಿ ಹಾಕಿದಳು. ನಾಲ್ಕು ವರ್ಷ ಕಾದಿದ್ದ ಬೀಟನ್ನು ಆ ಸಹಿಯಲ್ಲಿ ಅವಳು ವಾಪಸು ಕೊಟ್ಟಿದ್ದಳು. ಮುಖ ಬಾಡಿತ್ತು, ಅದನ್ನು ಅವಳು ಮುಚ್ಚಿಡಲೂ ಹೋಗಲಿಲ್ಲ.

ಎಲ್ಲೋ ತಪ್ಪಾಗಿದೆ, ಯಾವುದಾದರೂ ಬೀದಿ ಬಿಟ್ಟುಬಂದೆನೇ ಎಂದು ಅವನು ಅವಳನ್ನು ಕೇಳಿದ. ಚೀಲವನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದ. ಒಂದು ರಬ್ಬರ್ ಬ್ಯಾಂಡು ಬಿತ್ತು.

"ಒಂದೂ ಬಿಟ್ಟಿಲ್ಲ ಅಣ್ಣಾ," ಎಂದಳು ಅವಳು. "ಸೇತುವೆ ದಾಟಿದ ಮೇಲೆ ನೀವು ಬ್ರೇಕೇ ಹಿಡೀಲಿಲ್ಲ. ಎಡಗಾಲ ಮೇಲೇ ಹಾರಿ ಇಳಿದ್ರಿ. ಎಣಿಸ್ತಾ ಬಂದೆ, ಎಂಬತ್ತಮೂರು ಸಲ."

ಅವನು ಬೆಂಚಿನ ಮೇಲೆ ಕೂತು ಬೂಟು ಬಿಚ್ಚಿದ, ಕಾಲುಚೀಲ ಇಳಿಸಿದ. ಪಾದದ ಗಂಟು ಬಲಗಾಲಿನದರಷ್ಟೇ ಇತ್ತು, ಬೆರಳಿನಿಂದ ಒತ್ತಿದರೂ ನೋಯಲಿಲ್ಲ. ಕಾಲುಚೀಲವನ್ನು ಮತ್ತೆ ಏರಿಸಿಕೊಂಡ. ತಲೆ ಎತ್ತದೆಯೇ ಅವಳಿಗೆ ಹೇಳಿದ.

"ನೀನು ಒಂದ್ಸಲ ಅಣ್ಣಾ ಕಾಲು ಅಂದಿದ್ರೆ ಸಾಕಿತ್ತು. ಹೆದರಿ ಬ್ರೇಕ್ ಹಿಡೀತಿದ್ದೆ. ಬೀಟು ನಿನ್ನದಾಗ್ತಿತ್ತು."

"ಗೊತ್ತಿತ್ತು," ಎಂದಳು. "ಅದಕ್ಕೇ ಬಾಯಿ ಮುಚ್ಕೊಂಡು ಬಂದೆ."

ಅವಳು ಮುಂದಿನ ವಾರ ಯಾರದು ರಜೆ ಎಂದು ಪೋಸ್ಟ್‌ಮಾಸ್ಟರನ್ನು ಕೇಳಿ, ಮೂರನೆಯ ಬೀಟಿನ ಕಾಗದ ಜೋಡಿಸುವ ಗೂಡಿನ ಮುಂದೆ ಹೋಗಿ ನಿಂತು, ಅಲ್ಲಿಯ ಮನೆಗಳ ಪಟ್ಟಿಯನ್ನು ಮೊದಲಿಂದ ಓದತೊಡಗಿದಳು.